ಮಷೀನಿಗೂ ಒಂದು ಸ್ನಾನ ಬೇಕು

ಮಾನ್ಯರೇ,

ಹೊಸ ವರ್ಷಕ್ಕೆ ಮನೆಗೆ ಸುಣ್ಣಬಣ್ಣ ಆಗುತ್ತದೆ, ವಾಷಿಂಗ್ ಮಷೀನನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಸೋಪು ನೊರೆ ಕಟ್ಟದು. ನೊರೆ ಬರಲಿಲ್ಲವೆಂದು ಪುಡಿ ಸುರಿದರೆ ಅದು ಬಟ್ಟೆಯಲ್ಲೇ ಉಳಿದು ಟವೆಲ್ ಹಪ್ಪಳದಂತಾಗುತ್ತದೆ. ಈ ನೀರಿನ ಉಪ್ಪು ಮಷೀನಿನೊಳಗೂ ಪದರ ಕಟ್ಟುತ್ತದೆ; ಅದು ಕರಗಲು ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ (ನಿಂಬೆ ಉಪ್ಪು) ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಜೊತೆಗೆ ಬ್ಲೀಚ್ ಬೇಡವೇ ಬೇಡ, ಕ್ಲೋರಿನ್ ಅನಿಲ ಹೊರಡುತ್ತದೆ. ಫ್ರಂಟ್ ಲೋಡ್ ಆದರೆ ಬಾಗಿಲ ರಬ್ಬರಿನ ಮಡಿಕೆ ಬಿಡಿಸಿ ನೋಡಿ: ಕಪ್ಪು ಬೂಷ್ಟು, ಕೂದಲು, ಅದೃಷ್ಟವಿದ್ದರೆ ಒಂದೆರಡು ನಾಣ್ಯ. ಮುಗ್ಗಲು ವಾಸನೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಒರೆಸಿ, ಬಾಗಿಲು ತೆರೆದಿಡಿ. ಟವೆಲ್ಲಿಗೆ ಬಟ್ಟೆ ಮೆತ್ತಗಾಗಿಸುವ ಕಂಡೀಷನರ್ ಹಾಕಿದರೆ ನೀರು ಸರಿಯಾಗಿ ಹೀರದು. ಜರಿಯ ಮೈಸೂರು ಸಿಲ್ಕ್ ಡ್ರೈಕ್ಲೀನಿಗೇ ಹೋಗಲಿ.

– ಓದುಗರು, ಮಂಡ್ಯ