ಸಮುದಾಯದ ಒಪ್ಪಿಗೆನೂ ಬೇಕು

ಸಂಪಾದಕರೇ,

ಜನರನ್ನ ಜೊತೆಗಿಟ್ಕೊಂಡು ಮಾಡೋ ಸಂಶೋಧನೆಗೂ ಎಥಿಕ್ಸ್ ಕಮಿಟಿಗಳು (ಸಂಶೋಧನೆ ನೈತಿಕವಾಗಿ ಸರಿಯಿದೆಯಾ ಅಂತ ನೋಡಿ ಅನುಮತಿ ಕೊಡೋ ಸಮಿತಿಗಳು) ಹೆಚ್ಚಾಗಿ ಒಬ್ಬೊಬ್ಬರ ಸಹಿ ಇರೋ ಒಪ್ಪಿಗೆ ಫಾರ್ಮ್ ನೋಡಿ ಸುಮ್ಮನಾಗ್ತವೆ, ಅದು ಸಾಲಲ್ಲ. ಜನರ ಮೇಲಿನ ಸಂಶೋಧನೆ ಹೇಗಿರ್ಬೇಕು ಅಂತ ಹೇಳೋ ಅಮೆರಿಕದ 1979ರ ಬೆಲ್ಮಾಂಟ್ ವರದಿ, ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಇರ್ಬೇಕು ಅಂದಿದ್ದು ಸರಿನೇ, ಆದ್ರೆ ಇಡೀ ಸಮುದಾಯಕ್ಕೆ ಆಗೋ ಹಾನಿ? ಅಮೆರಿಕದ ಹವಸುಪಾಯ್ ಅನ್ನೋ ಮೂಲನಿವಾಸಿ ಜನರ ರಕ್ತವನ್ನ ಯೂನಿವರ್ಸಿಟಿ ಸಂಶೋಧಕರು ಡಯಾಬಿಟಿಸ್ ಅಧ್ಯಯನಕ್ಕೆ ಅಂತ ತಗೊಂಡು ಆಮೇಲೆ ಸ್ಕಿಜೋಫ್ರೇನಿಯಾ (ಒಂದು ಮಾನಸಿಕ ಕಾಯಿಲೆ), ಪೂರ್ವಜರ ವಲಸೆ ಅಂತೆಲ್ಲ ಬೇರೆ ಅಧ್ಯಯನಗಳಿಗೂ ಬಳಸಿದ್ರು, ಕೊನೆಗೆ 2010ರಲ್ಲಿ ಯೂನಿವರ್ಸಿಟಿ 7 ಲಕ್ಷ ಡಾಲರ್ ಪರಿಹಾರ ಕೊಟ್ಟು ಸ್ಯಾಂಪಲ್ ವಾಪಸ್ ಮಾಡ್ಬೇಕಾಯ್ತು. ಆ ನೋವು ದುಡ್ಡಲ್ಲಿ ತೀರೋದಲ್ಲ. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿ ಮಾಡ್ಕೊಂಡ್ರು, ತುಂಬಾ ಒಳ್ಳೇ ಕೆಲಸ. ಕಮಿಟಿಲಿ ಸಮುದಾಯದವರೂ ಕೂರ್ಲಿ, ಡೇಟಾ ಯಾರದ್ದು, ಫಲಿತಾಂಶ ಮೊದಲು ಯಾರಿಗೆ ತೋರಿಸ್ತೀರಿ ಅನ್ನೋದನ್ನ ಶುರುವಲ್ಲೇ ಬರೆಸ್ಕೊಳ್ಳಿ.

– ಒಬ್ಬ ಓದುಗ