ಸಿಯೆನಾದಿಂದ ಗೆಳೆಯನಿಗೊಂದು ಪತ್ರ

ಲೋ ಮಂಜು,

ಇಟಲಿಯ ಸಿಯೆನಾಕ್ಕೆ ಬಂದಿದೀನಿ ಕಣೋ. ಫೋಟೋ ನೋಡಿರ್ತೀಯ, ಆದ್ರೆ ಫೋಟೋದಲ್ಲಿ ಒಂದು ವಿಷ್ಯ ಗೊತ್ತೇ ಆಗಲ್ಲ, ಈ ಪಿಯಾಝಾ ದೆಲ್ ಕಾಂಪೋ ಅನ್ನೋ ಊರ ನಡುವಿನ ಚೌಕ ಇದ್ಯಲ್ಲ, ಅದು ಪೂರ್ತಿ ಇಳಿಜಾರು, ಕಪ್ಪೆಚಿಪ್ಪಿನ ಆಕಾರ, ಬಂದೋರೆಲ್ಲ ನೆಲದ ಮೇಲೇ ಕೂತ್ಕೊಳ್ಳೋದು, ಕೆಲವರು ಅಲ್ಲೇ ಮಲಗಿಬಿಟ್ಟಿದ್ರು. ನಾನೂ ಕೂತೆ, ಸಂಜೆ ಆದ್ರೂ ಇಟ್ಟಿಗೆ ಬಿಸಿ ಬಿಸಿ ಇತ್ತು.

ನೀನು ಸಿವಿಲ್ ಓದಿದವನು, ನಿಂಗೆ ಈ ನೆಲ ನೋಡಿದ್ರೇ ಸಾಕು. ಬಿಳಿ ಕಲ್ಲಿನ ಗೆರೆ ಹಾಕಿ 9 ಭಾಗ ಮಾಡಿದಾರೆ, 1287ರಿಂದ 1355ರ ತನಕ ಊರು ಆಳಿದ ಒಂಬತ್ತು ಜನರ ಸಮಿತಿ ನೆನಪಿಗಂತೆ. ಗೆರೆಗಳೆಲ್ಲ ಕೆಳಗೆ ಪಲಾಝೋ ಪುಬ್ಲಿಕೋ, ಅಂದ್ರೆ ಪುರಭವನದ ಮುಂದೆ ಬಂದು ಸೇರ್ತವೆ, ಮಳೆ ನೀರು ಹೋಗೋ ಚರಂಡಿನೂ ಅಲ್ಲೇ! ಮೇಲ್ಗಡೆ ಫೋಂತೆ ಗಾಯಾ ಅಂತ ಕಾರಂಜಿ, ಅದಕ್ಕೆ ನೀರು ಬರೋದು ಊರಿನ ಅಡಿಯಲ್ಲಿ ಕೊರೆದಿರೋ ಸುಮಾರು 25 ಕಿಲೋಮೀಟರ್ ಸುರಂಗಗಳ ಜಾಲದಿಂದ, 1340ರ ದಶಕದಲ್ಲೇ ತಂದಿದ್ರು ಕಣೋ.

ಪಲಾಝೋ ಒಳಗೆ ಅಂಬ್ರೋಜೋ ಲೊರೆನ್ಝೆಟ್ಟಿ ಬರೆದ ಗೋಡೆ ಚಿತ್ರ ಇದೆ, ಒಳ್ಳೆ ಆಡಳಿತ ಇದ್ರೆ ಊರು ಹೆಂಗಿರತ್ತೆ, ಕೆಟ್ಟದಿದ್ರೆ ಹೆಂಗೆ ಹಾಳಾಗತ್ತೆ ಅಂತ. ಒಳ್ಳೆ ಊರಲ್ಲಿ ಒಂದು ಕಟ್ಟಡದ ತುದೀಲಿ ಗಾರೆ ಕೆಲ್ಸದೋರು ಇನ್ನೂ ಕಟ್ತಾನೇ ಇದಾರೆ. ನಾನು ಅಲ್ಲೇ ತುಂಬಾ ಹೊತ್ತು ನಿಂತೆ.

ಪಕ್ಕದ ತೋರ್ರೆ ದೆಲ್ ಮಾಂಜಾ ಗೋಪುರಕ್ಕೆ ಸುಮಾರು 400 ಮೆಟ್ಲು, ಇಕ್ಕಟ್ಟು, ಆದ್ರೂ ಹತ್ತು. ಮೇಲಿಂದ ಕೆಥೆಡ್ರಲ್ ಹತ್ರ ಒಂಟಿಯಾಗಿ ನಿಂತಿರೋ ದೊಡ್ಡ ಗೋಡೆ ಕಾಣತ್ತೆ. ಕೆಥೆಡ್ರಲ್‌ನ ಇನ್ನೂ ಎಷ್ಟೋ ದೊಡ್ಡದು ಮಾಡ್ಬೇಕು ಅಂತ 1339ರಲ್ಲಿ ಶುರು ಮಾಡಿದ್ರು, 1348ರಲ್ಲಿ ಪ್ಲೇಗ್ ಬಂತು, ಊರಿನ ಅರ್ಧದಷ್ಟು ಜನ ಹೋದ್ರು ಅಂತಾರೆ, ಆ ಚಿತ್ರ ಬರೆದ ಲೊರೆನ್ಝೆಟ್ಟಿನೂ ಅದೇ ಪ್ಲೇಗ್‌ನಲ್ಲೇ ಸತ್ತಿದ್ದು ಅಂತಾರೆ. ಆ ಕೆಲ್ಸ ಮತ್ತೆ ಮುಗೀಲೇ ಇಲ್ಲ. ಉಳಿದವರು ಗೋಪುರದ ಬುಡದಲ್ಲಿ ಹರಕೆಗೆ ಒಂದು ಪುಟ್ಟ ಚಾಪೆಲ್ ಕಟ್ಟಿಸಿದ್ರು. ನಂಗೆ ಇಡೀ ಊರಲ್ಲಿ ಮನಸ್ಸಿಗೆ ತಟ್ಟಿದ್ದು ಆ ಅರ್ಧಂಬರ್ಧ ಗೋಡೆನೇ ಕಣೋ, ಫ್ಲಾರೆನ್ಸ್‌ನ ಅಷ್ಟು ದೊಡ್ಡ ಗುಮ್ಮಟಕ್ಕಿಂತ ಜಾಸ್ತಿ.

ಜುಲೈ 2, ಆಗಸ್ಟ್ 16ಕ್ಕೆ ಇಲ್ಲೇ ಪಾಲಿಯೋ ಕುದುರೆ ರೇಸ್, ಚೌಕದ ಸುತ್ತ ಮಣ್ಣು ಹಾಕಿ 10 ಕೇರಿಯವರ ಕುದುರೆ ಮೂರು ಸುತ್ತು ಓಡಿಸ್ತಾರೆ. ನಡುವೆ ನಿಂತು ನೋಡೋಕೆ ದುಡ್ಡಿಲ್ಲ, ಆದ್ರೆ ಗಂಟೆಗಟ್ಲೆ ಬಿಸಿಲಲ್ಲಿ ನಿಲ್ಬೇಕು. ಮುಂದಿನ ವರ್ಷ ಆಗಸ್ಟ್‌ಗೆ ಒಟ್ಟಿಗೆ ಹೋಗೋಣ, ರೂಮ್ ಬೇಗ ಬುಕ್ ಮಾಡ್ಬೇಕು, ರಜೆ ಸಿಗತ್ತಾ ನೋಡಿ ಹೇಳು.