ಮಹಡಿಯ ಕೋಣೆಯ ಹುಡುಗಿಗಾಗಿ ಓಡಾಡಿದ ತುಮಕೂರಿನ ಎಲ್ಲರಿಗೂ

ಎರಡು ವರ್ಷಗಳಿಗೂ ಹೆಚ್ಚು ಕಾಲ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದ ಉಗಾಂಡ ದೇಶದ ಹುಡುಗಿ ಕಳೆದ ವಾರ ಬೆಂಗಳೂರಿನಿಂದ ವಿಮಾನ ಹತ್ತಿ, ತನಗೆ ಆಶ್ರಯ ಕೊಡಲು ಒಪ್ಪಿದ ನಾಡನ್ನು ಕ್ಷೇಮವಾಗಿ ತಲುಪಿದ್ದಾಳೆ. ತನ್ನ ಹೆಸರನ್ನೂ ಆ ನಾಡಿನ ಹೆಸರನ್ನೂ ಬರೆಯಬಾರದೆಂದು ಅವಳೇ ಕೇಳಿಕೊಂಡಿದ್ದಾಳೆ, ಬರೆಯುವುದಿಲ್ಲ. ಆದರೆ ಇಷ್ಟು ದಿನ ಅವಳ ತಲೆಯ ಮೇಲೆ ಸೂರು ಉಳಿಯುವಂತೆ ನೋಡಿಕೊಂಡವರು ಯಾರೆಂಬುದನ್ನು ಹೇಳದೆ ಸುಮ್ಮನಿರಲು ನನ್ನ ಮನಸ್ಸು ಒಪ್ಪುತ್ತಿಲ್ಲ. ‘ಟೀಚರಮ್ಮ ದೊಡ್ಡ ಮನಸ್ಸು ಮಾಡಿದರು’ ಎಂದು ಬೀದಿಯಲ್ಲಿ ಕೆಲವರು ಆಡಿಕೊಳ್ಳುತ್ತಿರುವ ಮಾತು ನನ್ನ ಕಿವಿಗೂ ಬಿದ್ದಿದೆ. ಅವಳಿಗೆ ಮೊದಲು ಬಾಗಿಲು ತೆರೆದವಳು ನಾನಲ್ಲ.

ಅವಳು ವಿದ್ಯಾರ್ಥಿ ವೀಸಾದ ಮೇಲೆ ಓದಲೆಂದು ಬಂದವಳು. ಪಾಸ್‌ಪೋರ್ಟಿನಲ್ಲಿ ಗಂಡು ಎಂದು ನಮೂದಾಗಿದ್ದರೂ ಇಲ್ಲಿಗೆ ಬಂದ ಮೇಲೆ ತಾನು ಒಳಗಿನಿಂದ ಬಲ್ಲ ಹೆಣ್ಣಾಗಿಯೇ ಬದುಕತೊಡಗಿದ್ದಳು. 2023ರ ಮೇ ತಿಂಗಳಲ್ಲಿ ಅವಳ ದೇಶದ ಅಧ್ಯಕ್ಷ ಮುಸೆವೆನಿಯವರು ಸಹಿ ಹಾಕಿದ ಕಾನೂನು ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆಯನ್ನೂ, ಕೆಲವು ಸಂದರ್ಭಗಳಲ್ಲಿ ಮರಣದಂಡನೆಯನ್ನೂ ವಿಧಿಸುತ್ತದೆ. ಅಂಥ ಸಂಬಂಧಕ್ಕೆ ಜಾಗ ಕೊಟ್ಟ ಮನೆ ಮಾಲೀಕರನ್ನೂ ಅದು ಅಪರಾಧಿಗಳೆಂದು ಕರೆದಿತ್ತು. ಮನೆಗೆ ಸಂಬಂಧಿಸಿದ ಆ ಕಲಮನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ 2024ರ ಏಪ್ರಿಲ್ 3ರಂದು ರದ್ದು ಮಾಡಿತಾದರೂ ಕಾನೂನಿನ ಬಹುಭಾಗವನ್ನು ಎತ್ತಿಹಿಡಿಯಿತು. ಸೀರೆ ಉಟ್ಟ ಅವಳ ಒಂದು ಫೋಟೊ ಹೇಗೋ ತವರನ್ನು ತಲುಪಿದ ಮೇಲೆ ತಂದೆ ಹಣ ಕಳಿಸುವುದನ್ನು ನಿಲ್ಲಿಸಿದರು, ಓದು ನಿಂತಿತು, ಇಲ್ಲಿನ ಬಾಡಿಗೆ ಮನೆಯವರು ಒಂದು ಸಂಜೆ ಅವಳ ಸಾಮಾನನ್ನು ಬಾಗಿಲಾಚೆ ಇಟ್ಟರು. ಊರಿಗೆ ಮರಳಿದರೆ ಜೈಲು, ಇಲ್ಲಿ ಬೀದಿ ಎಂಬಂತಾಗಿ ಅವಳು ಮೂರು ರಾತ್ರಿಗಳನ್ನು ರೈಲು ನಿಲ್ದಾಣದ ಬೆಂಚಿನ ಮೇಲೆ ಕಳೆದಳು.

ಅಲ್ಲಿ ಅವಳನ್ನು ಕಂಡು ಕರೆದುಕೊಂಡು ಹೋದವರು ನಮ್ಮ ಊರಿನ ಮಂಗಳಮುಖಿಯರು. ನನ್ನ ಮೊದಲ ಕೃತಜ್ಞತೆ ಅವರಿಗೆ. ಶೀಟಿನ ಮಾಡಿನ ಎರಡು ಕೋಣೆಗಳಲ್ಲಿ ಐದು ಜನ ಇರುವ ಹಮಾಮು, ಅಂದರೆ ಮಂಗಳಮುಖಿಯರು ಒಟ್ಟಾಗಿ ಬಾಳುವ ಮನೆ ಅದು. ಬಾಡಿಗೆ ಮನೆಗಾಗಿ ಅವರು ಅಲೆದ ಕಥೆಯನ್ನು ಕೇಳಿದರೆ ಯಾರಿಗಾದರೂ ಸಂಕಟವಾಗುತ್ತದೆ. ಲಿಂಗತ್ವದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವಂತಿಲ್ಲ ಎಂದು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ ಮೂರನೆಯ ಕಲಂ ಹೇಳಿದ್ದರೂ, ಎದುರಿಗೆ ನಿಂತು ‘ಮನೆ ಖಾಲಿ ಇಲ್ಲ’ ಎನ್ನುವವರ ಬಳಿ ಆ ಕಲಮನ್ನು ಓದಿ ಹೇಳಲಾಗುವುದಿಲ್ಲ. ಇನ್ನೊಬ್ಬಳನ್ನು, ಅದೂ ಪರದೇಶದವಳನ್ನು ಸೇರಿಸಿಕೊಂಡರೆ ಇರುವ ಸೂರೂ ಕೈತಪ್ಪಬಹುದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹತ್ತೊಂಬತ್ತು ದಿನ ಅವಳನ್ನು ಇಟ್ಟುಕೊಂಡು ಉಣ್ಣಿಸಿದರು.

ಆ ಹಮಾಮಿನ ಹಿರಿಯಕ್ಕ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಏಳನೆಯ ತರಗತಿಯ ಮಧ್ಯದಲ್ಲಿ ಶಾಲೆ ಬಿಟ್ಟ ಆ ಮಗು ಏಕೆ ಬಿಟ್ಟಿತೆಂದು ನಾನು ಅಂದು ಕೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ ಮುಂದಿನ ಪಾಠಕ್ಕೆ ಹೋದೆ. ಅದೇ ಮಗು ಇಪ್ಪತ್ತೈದು ವರ್ಷಗಳ ನಂತರ ನನ್ನ ಗೇಟಿನ ಬಳಿ ನಿಂತು, ‘ಮಿಸ್, ನೀವು ಇಂಗ್ಲಿಷ್ ಪಾಠ ಮಾಡುತ್ತಿದ್ದಿರಿ. ಈ ಹುಡುಗಿ ರಾತ್ರಿಯೆಲ್ಲ ಏನು ಹೇಳಿ ಅಳುತ್ತಾಳೆಂದು ಸ್ವಲ್ಪ ಕೇಳಿ ಹೇಳುತ್ತೀರಾ?’ ಎಂದಳು. ಅಂದು ನಾನು ಕೇಳದೇ ಬಿಟ್ಟದ್ದಕ್ಕೆ ನನ್ನ ಮೇಲೆ ಕಹಿ ಇಟ್ಟುಕೊಳ್ಳದೆ ನನ್ನನ್ನು ನೆನಪಿಸಿಕೊಂಡು ಬಂದಳಲ್ಲ, ಆ ಋಣ ದೊಡ್ಡದು.

ಹೀಗೆ ಅವಳು ನಮ್ಮ ಮಹಡಿಯ ಕೋಣೆಗೆ ಬಂದಳು. ಮನೆಯಲ್ಲಿ ವಿದೇಶಿಯರನ್ನು ಇರಿಸಿಕೊಂಡವರು ಆಗ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ‘ಸಿ’ ಫಾರಂ ಸಲ್ಲಿಸಬೇಕಿತ್ತೆಂಬುದು ನನಗೆ ತಿಳಿದಿರಲಿಲ್ಲ. ಮನೆ ಮಾಲೀಕರು ಹೆದರುವುದು ಬಹುಪಾಲು ಈ ಕಾಗದಕ್ಕೇ. ಬಾಗಿಲು ಮುಚ್ಚಿಕೊಂಡು ಹೊರಟಿದ್ದ ಸೈಬರ್ ಸೆಂಟರಿನ ಹುಡುಗ ನನ್ನ ಮುಖ ನೋಡಿ ಮತ್ತೆ ಶೆಟರ್ ಎತ್ತಿ, ರಾತ್ರಿ ಹತ್ತರವರೆಗೆ ಕುಳಿತು, ಅದನ್ನು ತುಂಬಿ ಕಳಿಸಿಕೊಟ್ಟ. ದುಡ್ಡು ಕೊಡಲು ಹೋದರೆ ಮುದ್ರಿಸಿದ ಎರಡು ಹಾಳೆಗೆ ಮಾತ್ರ ತೆಗೆದುಕೊಂಡ.

ನಂತರದ ದಾರಿಯನ್ನು ತೋರಿಸಿದವರು ಒಬ್ಬ ಯುವ ವಕೀಲೆ. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಮ್ಮಲ್ಲಿ ಅದಕ್ಕೆಂದು ಪ್ರತ್ಯೇಕ ಕಾನೂನೂ ಇಲ್ಲ. ಆದ್ದರಿಂದ ಇಂಥವರ ಅರ್ಜಿಯನ್ನು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಪರಿಶೀಲಿಸುತ್ತದೆ ಎಂಬುದನ್ನು ಅವರಿಂದ ತಿಳಿದೆ. ಜೀವಿಸುವ ಹಕ್ಕು ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಪ್ರತಿ ಮನುಷ್ಯನಿಗೂ ಸಲ್ಲುತ್ತದೆಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದನ್ನು ಅವರು ಅವಳಿಗೆ ಬಿಡಿಸಿ ಹೇಳಿದ ದಿನ, ತಿಂಗಳುಗಳ ನಂತರ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು. ‘ನಿರಾಶ್ರಿತೆ’ ಎಂದರೇನೆಂದು ಅವಳು ಕೇಳಿದಾಗ ನನಗೆ ಕ್ಷಣಕಾಲ ಉತ್ತರ ಹೊಳೆಯಲಿಲ್ಲ. ದೇಶ ಬಿಟ್ಟು ಬಂದವರಿಗೂ ಮನೆಯಿಲ್ಲದವರಿಗೂ ಕನ್ನಡದಲ್ಲಿ ನಾವು ಆ ಒಂದೇ ಮಾತನ್ನು ಬಳಸುತ್ತೇವೆ, ಅವಳು ಎರಡೂ ಆಗಿದ್ದಳು. ಅನ್ನ, ಅಕ್ಷರ, ಆಶ್ರಯ ಎಂಬ ಮೂರು ಮಾತುಗಳನ್ನು ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದ ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅವುಗಳಲ್ಲಿ ಮೂರನೆಯದು ಎಷ್ಟು ಕಷ್ಟದ್ದೆಂದು ಅವಳ ಕಾಗದಗಳ ಹಿಂದೆ ಓಡಾಡುವಾಗ ನನಗೆ ಅರ್ಥವಾಯಿತು.

ಅವಳು ಬಂದ ಮೊದಲ ವಾರ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಮುದ್ದೆ ತೊಳಸುತ್ತಿದ್ದಾಗ ವಾಸನೆಗೆ ಮಹಡಿಯಿಂದ ಇಳಿದು ಬಂದು, ಪಾತ್ರೆಯೊಳಗೆ ಇಣುಕಿ, ‘ಕಾಲೋ!’ ಎಂದು ಕೂಗಿದಳು. ಅವಳ ಅಜ್ಜಿಯ ಮನೆಯಲ್ಲಿಯೂ ರಾಗಿಯನ್ನು ಹೀಗೆಯೇ ತೊಳಸಿ, ಬುಟ್ಟಿಯಲ್ಲಿ ಮುಚ್ಚಿಟ್ಟು, ಕಡಲೆಕಾಯಿ ಬೀಜದ ಗೊಜ್ಜಿನ ಜೊತೆ ಉಣ್ಣುತ್ತಾರಂತೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದ ಬೆಳೆ ಎಂದು ನಾನೇ ಪಾಠ ಮಾಡಿದ್ದೆ. ಅದು ಅಂದು ನನ್ನ ಅಡುಗೆಮನೆಯಲ್ಲಿ ನಿಜವಾಯಿತು. ಪಾವಗಡದ ಕಡೆಯಿಂದ ಹೊಸ ಕಡಲೆಕಾಯಿ ತಂದುಕೊಟ್ಟ ಎದುರುಮನೆಯ ರೈತರಿಗೂ, ಆ ಗೊಜ್ಜನ್ನು ಕಲಿತು ತಮ್ಮ ಮನೆಯಲ್ಲೂ ಮಾಡಿದ ಅವರ ಸೊಸೆಗೂ ನನ್ನ ನಮಸ್ಕಾರ.

ಪಕ್ಕದ ಮನೆಯ ತಾಯಿಯವರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಅವರು ಮೊದಲು ಒಪ್ಪಿರಲಿಲ್ಲ, ಮಕ್ಕಳಿರುವ ಬೀದಿ ಎಂದು ನನಗೆ ನೇರವಾಗಿಯೇ ಹೇಳಿದ್ದರು. ಮುಂದಿನ ವರಮಹಾಲಕ್ಷ್ಮಿ ಹಬ್ಬದ ಸಂಜೆ ಬಾಗಿಲಿಗೆ ಬಂದು, ‘ಅರಿಶಿನ ಕುಂಕುಮಕ್ಕೆ ಬನ್ನಿ ಅಕ್ಕ, ಅವಳನ್ನೂ ಕರೆದುಕೊಂಡು ಬನ್ನಿ’ ಎಂದರು. ಚಾಪೆಯ ಮೇಲೆ ಬೇರೆ ಹೆಂಗಸರ ಸಾಲಿನಲ್ಲೇ ಅವಳನ್ನು ಕೂರಿಸಿ, ಹಣೆಗೆ ಕುಂಕುಮವಿಟ್ಟು, ಎಲೆ ಅಡಿಕೆ, ತೆಂಗಿನಕಾಯಿ, ಹಸಿರು ರವಿಕೆ ಕಣ ಮಡಿಲಿಗೆ ಹಾಕಿದರು. ಇದೆಲ್ಲ ಏಕೆಂದು ಅವಳು ಪಿಸುಮಾತಿನಲ್ಲಿ ಕೇಳಿದಳು. ಹೆಣ್ಣುಮಕ್ಕಳಿಗೆ ಹೀಗೆ ಕೊಡುತ್ತಾರೆ ಎಂದೆ. ಮನೆಗೆ ಬಂದವಳು ಆ ರವಿಕೆ ಕಣವನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದಳು.

ದೆಹಲಿಯ ಸಂದರ್ಶನಗಳಿಗೆ ರೈಲಿನ ಖರ್ಚು ಹೊಂದಿಸಿದ ಮಂಡಿಪೇಟೆಯ ವರ್ತಕರಿಗೆ, ಹೆಸರು ಕೇಳಿ ಆ ಹೆಸರಿನಿಂದಲೇ ಅವಳನ್ನು ಕರೆದ ವೈದ್ಯೆಗೆ, ಅವಳಿಗೆ ಹೊಲಿಗೆ ಕಲಿಸಿದ ಟೈಲರ್ ಅಣ್ಣನಿಗೆ, ಪ್ರತಿ ಭಾನುವಾರ ತಟ್ಟೆ ಇಡ್ಲಿ ಕಳಿಸುತ್ತಿದ್ದ ಕ್ಯಾತ್ಸಂದ್ರದ ಹೋಟೆಲಿನವರಿಗೆ ನಾನು ಋಣಿ. ದೇಶ ಬಿಡಲು ಬೇಕಾದ ನಿರ್ಗಮನ ಪರವಾನಗಿಗಾಗಿ ಬೆಂಗಳೂರಿಗೆ ಹೋಗಬೇಕಾದಾಗಲೆಲ್ಲ ಹಿರಿಯಕ್ಕ ತನ್ನ ದಿನದ ದುಡಿಮೆಯನ್ನು ಬಿಟ್ಟು ಜೊತೆಗೆ ಬಂದಳು. ಶಕ್ತಿ ಯೋಜನೆಯಲ್ಲಿ ಅವಳಿಗೆ ಬಸ್ಸು ಉಚಿತ. ಹುಡುಗಿಯ ಟಿಕೆಟಿನ ದುಡ್ಡನ್ನು ಒಮ್ಮೆಯೂ ನನ್ನಿಂದ ಪಡೆಯಲಿಲ್ಲ.

ಎಲ್ಲರೂ ಕೊಟ್ಟ ಹಣದಲ್ಲಿ ಖರ್ಚು ಕಳೆದು 11,400 ರೂಪಾಯಿ ಉಳಿದಿದೆ. ಲೆಕ್ಕದ ಪುಸ್ತಕವನ್ನು ಟೈಲರ್ ಅಂಗಡಿಯಲ್ಲಿ ಇಟ್ಟಿದ್ದೇನೆ, ಯಾರು ಬೇಕಾದರೂ ನೋಡಬಹುದು. ಹಮಾಮಿನವರಿಗೆ ಈ ತಿಂಗಳ ಕೊನೆಗೆ ಮನೆ ಬಿಡಲು ಹೇಳಿದ್ದಾರಂತೆ. ಕೊಟ್ಟವರು ಒಪ್ಪುವುದಾದರೆ ಉಳಿದ ಹಣ ಅವರ ಹೊಸ ಮನೆಯ ಮುಂಗಡಕ್ಕೆ ಸೇರಲಿ. ಮನೆ ಸಿಗುವವರೆಗೆ ಮಹಡಿಯ ಕೋಣೆಯಲ್ಲಿ ಇರಲೆಂದು ಬೀಗದ ಕೈಯನ್ನು ಹಿರಿಯಕ್ಕನಿಗೆ ನಿನ್ನೆ ಕೊಟ್ಟಿದ್ದೇನೆ.